ತೆಗೆದಿಡುತ್ತೇನೆಂದ ಎರಡು ತೋಟೆಗಳು

ಶೂಟಿಂಗ್ ಕ್ಲಬ್ಬಿನ ಮಾನ್ಯ ಗೌರವ ಕಾರ್ಯದರ್ಶಿಗಳೇ,

ನನ್ನ ಗಂಡ ತಮ್ಮ ಸಾವಿಗೆಂದು ನಿಮ್ಮ ಕೈಯಲ್ಲಿ ಕೊಟ್ಟಿಟ್ಟಿದ್ದ ಎರಡು ತೋಟೆಗಳನ್ನು ನೀವು ಇನ್ನೊಬ್ಬರ ಮೋಜಿಗೆ ಕೊಟ್ಟುಬಿಟ್ಟಿರಿ. ನನ್ನ ದೂರು ಇಷ್ಟೇ. ಉಳಿದದ್ದನ್ನು ಬರೆಯುತ್ತಿರುವುದು ನಮ್ಮ ಕನ್ನಡ ಸಂಘದ ಈ ಪತ್ರಿಕೆ ಓದುವವರಿಗಾಗಿ. ಸಾವಿಗೆ ತೋಟೆ ಏಕೆ ಬೇಕು ಎಂದು ಅವರಿಗೆ ಗೊತ್ತಿರಲಾರದು. ನಿಮಗೆ ಗೊತ್ತಿತ್ತು.

ಕೊಡಗಿನಲ್ಲಿ ನಮ್ಮ ಜನರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಕೋವಿಯಿಂದ ಎರಡು ಗುಂಡು ಹಾರಿಸುತ್ತಾರೆ, ಒಂದರ ಹಿಂದೆ ಒಂದು. ಆ ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಮನೆ ಮನೆಗೆ ಹೋಗಿ ಕರೆಯಬೇಕಿಲ್ಲ. ಇಲ್ಲಿ ಮಲೇಷ್ಯಾದಲ್ಲಿ ಒಂದು ತೋಟೆಯನ್ನೂ ಮನೆಗೆ ತರುವಂತಿಲ್ಲ. ಕಾನೂನು ಒಳ್ಳೆಯದೇ, ಅದರ ಮೇಲೆ ನನ್ನ ತಕರಾರಿಲ್ಲ. ನನ್ನ ಗಂಡ ಉತ್ತಯ್ಯನವರೂ ಹದಿನೆಂಟು ವರ್ಷ ಅದನ್ನು ಮೀರಲಿಲ್ಲ. ವಾರವಿಡೀ ಕೈಗವಸು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿ, ಭಾನುವಾರ ನಿಮ್ಮ ಮೈದಾನದಲ್ಲಿ ಮಕ್ಕಳಿಗೆ ಗುರಿ ಕಲಿಸುತ್ತಿದ್ದರು. ಸಂಬಳವಿಲ್ಲದೆ. ತರಬೇತುದಾರರ ಪಾಲಿನ ತೋಟೆಗಳು ಕ್ಲಬ್ಬಿನ ಬೀರುವಿನಲ್ಲೇ ಇರುತ್ತಿದ್ದವು.

ತೋಟೆಗಳ ಆಮದು ನಿಲ್ಲುತ್ತದಂತೆ ಎಂಬ ಸುದ್ದಿ ಹಬ್ಬಿದ ತಿಂಗಳು ನಿಮಗೆ ನೆನಪಿರಬಹುದು. ನಲವತ್ತೈದು ರಿಂಗಿಟ್‌ನ ಪೆಟ್ಟಿಗೆ ನೂರ ಅರವತ್ತಾಯಿತು. ಬಾಂಗ್ಸಾರ್‌ನ ಶ್ರೀಮಂತ ಸದಸ್ಯರು ಹೆಂಡತಿಯ ಹೆಸರಿನಲ್ಲಿ, ಕೋವಿಯನ್ನೇ ಮುಟ್ಟದ ಅಳಿಯನ ಹೆಸರಿನಲ್ಲಿ ಪೆಟ್ಟಿಗೆ ಬರೆಸಿಕೊಂಡರು. ಆಗ ನಿಮ್ಮ ಸುತ್ತೋಲೆ ಬಂತು. ಎಷ್ಟು ಚೆನ್ನಾಗಿ ಬರೆದಿದ್ದಿರಿ! ಗಾಬರಿ ಬೇಡ, ಕ್ಲಬ್ಬು ಒಂದು ಕುಟುಂಬ, ಹೆಚ್ಚಿದ್ದವರು ಮಕ್ಕಳ ಅಭ್ಯಾಸಕ್ಕೆ ಹಿಂದಿರುಗಿಸಿ ಎಂದು. ಇಡೀ ಕುಟುಂಬದಲ್ಲಿ ಅದನ್ನು ನಂಬಿದವರು ನನ್ನ ಗಂಡ ಒಬ್ಬರೇ. ಆ ತಿಂಗಳೆಲ್ಲ ಅವರು ಮಕ್ಕಳಿಗೆ ಖಾಲಿ ಕೋವಿಯಲ್ಲಿ ಕಲಿಸಿದರು. ನಳಿಕೆಯ ಮೇಲೆ ಒಂದು ನಾಣ್ಯ ಇಡುವುದು, ಅದು ಬೀಳದಂತೆ ಬೆರಳಿನಿಂದ ಕೋವಿಯ ಕುದುರೆ ಎಳೆಯುವುದು. ಕೊನೆಗೆ ತಮ್ಮ ಪಾಲಿನ ಕೊನೆಯ ಪೆಟ್ಟಿಗೆಯನ್ನೂ ನಿಮಗೆ ಒಪ್ಪಿಸಿದರು. ಒಂದೇ ಮಾತು ಕೇಳಿದರು.

ಅಭ್ಯಾಸ ಮುಗಿದು ಮಾಮಕ್ ಅಂಗಡಿಯಲ್ಲಿ ಚಹಾ ಕುಡಿಯುವಾಗ ನಾನೂ ಪಕ್ಕದಲ್ಲಿದ್ದೆ. ಅವರಿಗೆ ಆಗಲೇ ಎದೆಗೆ ಸ್ಟೆಂಟ್ ಹಾಕಿಯಾಗಿತ್ತು.

“ಪೆಟ್ಟಿಗೆಯಲ್ಲಿ ಇಪ್ಪತ್ತೈದಿವೆ. ಇಪ್ಪತ್ತಮೂರು ಮಕ್ಕಳಿಗೆ. ಎರಡು ಮಾತ್ರ ನನಗೆ ತೆಗೆದಿಡಿ, ಡಾಕ್ಟ್ರೇ,” ಎಂದು ನಿಮ್ಮನ್ನು ಕೇಳಿದರು.

“ಎಂತ ಮಾರಾಯ್ರೆ, ಅದನ್ನೆಲ್ಲ ಈಗ ಯಾಕೆ ಮಾತಾಡೂದು? ನೀವು ನೂರು ವರ್ಷ ಬದುಕ್ತೀರಿ,” ಎಂದಿರಿ ನೀವು.

“ನೂರು ವರ್ಷ ಆದ್ಮೇಲಾದ್ರೂ ಬೇಕಲ್ಲ!”

“ಆಯ್ತು ಸರ್, ನನ್ನ ಲಾಕರಲ್ಲೇ ಇಡ್ತೇನೆ. ನೋ ವರಿ ಲಾ. ಅಕ್ಕ, ನೀವೇ ಸಾಕ್ಷಿ.”

ಅಂದೇ ಅದನ್ನು ಡೈರಿಯಲ್ಲಿ ಬರೆದಿದ್ದೇನೆ. ಸಾಕ್ಷಿಗೆಂದು ಬರೆದದ್ದಲ್ಲ. ಆ ದಿನ ನಗು ಬಂದಿತ್ತು, ಅದಕ್ಕೆ.

ನಲವತ್ತು ದಿನದ ಮೇಲೆ ಅವರು ಹೋದರು. ಅವರ ಶಿಷ್ಯೆ ಪೂರ್ವಿ ಮೈದಾನದಲ್ಲಿ, ನಿಯಮದಂತೆ, ಎಂದಿನ ದಿಕ್ಕಿಗೆ ಎರಡು ಗುಂಡು ಹಾರಿಸುವುದು, ನಾನು ಪುಚೊಂಗ್‌ನ ಮನೆಯಲ್ಲಿ ಫೋನಿನಿಂದ ಆ ಸದ್ದು ಕೇಳಿಸುವುದು, ಆಮೇಲೆ ದೇಹ ಎತ್ತುವುದು ಎಂದು ನಿಶ್ಚಯವಾಗಿತ್ತು. ಹನ್ನೊಂದನೇ ಮಹಡಿಯಲ್ಲಿ ಲಿಫ್ಟಿನ ಎದುರು ಅವರನ್ನು ಇಟ್ಟುಕೊಂಡು ಕಾದೆವು. ಕಾರ್ಖಾನೆಯ ಗೆಳೆಯ ಸದಾನಂದ ಎರಡು ಸಲ ಬಂದು ಕೇಳಿದರು: “ಗುಂಡಾಯ್ತಾ, ಅಕ್ಕ? ಕೆಳಗೆ ವ್ಯಾನಿನವನು ಹಾರ್ನ್ ಮಾಡ್ತಿದಾನೆ.” ಫೋನಿನಲ್ಲಿ ಮೈದಾನದ ಗಾಳಿ ಕೇಳುತ್ತಿತ್ತು. ಮುಕ್ಕಾಲು ಗಂಟೆಯಾದ ಮೇಲೆ ಪೂರ್ವಿಯ ಅಳು ಕೇಳಿತು. “ಆಂಟಿ, ಸಾರಿ ಆಂಟಿ. ದೇ ಸೇ ನೋ ಸ್ಟಾಕ್ ಲಾ.” ನಾನು ನಿಮಗೆ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಒಂದು ಸಂದೇಶ ಕಳಿಸಿದಿರಿ: “ಸ್ಟಾಕ್ ನಿಲ್, ಅಕ್ಕ. ಕಮಿಟಿ ಡಿಸಿಷನ್. ನನ್ನ ಕೈಯಲ್ಲಿ ಇಲ್ಲ.”

ಅದನ್ನೂ ನಂಬಿದೆ. ನಂಬುವುದು ನಮ್ಮ ಮನೆಯ ರೋಗ. ಸದ್ದಿಲ್ಲದೆ ಅವರನ್ನು ಕಳಿಸಿಕೊಟ್ಟೆವು. ತೋಟೆ ಸಿಗದ ಕಾಲ, ಯಾರೇನು ಮಾಡಲು ಆಗುತ್ತದೆ ಎಂದು ನೆಂಟರಿಗೆ ನಾನೇ ಸಮಾಧಾನ ಹೇಳಿದೆ, ನಿಮ್ಮ ಪರವಾಗಿ.

ಒಂಬತ್ತನೇ ದಿನ ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ನೀವೇ ವಿಡಿಯೋ ಹಾಕಿದಿರಿ. ಪ್ರಾಯೋಜಕರ ಮನೆಯ ಅತಿಥಿಯೊಬ್ಬರು ಸ್ನೇಹಕೂಟ ಉದ್ಘಾಟಿಸುತ್ತಿದ್ದರು. ಗುಂಡಿನ ಮೇಲೆ ಗುಂಡು. ಗುರಿ ತಪ್ಪಿದಾಗಲೆಲ್ಲ ಅವರು ನಗುತ್ತಿದ್ದರು, ನೀವು ಇನ್ನೊಂದು ಕೊಡುತ್ತಿದ್ದಿರಿ. ಮೇಜಿನ ಮೇಲಿದ್ದ ಪೆಟ್ಟಿಗೆಯ ಮುಚ್ಚಳದಲ್ಲಿ ನೀಲಿ ಶಾಯಿಯ ‘ಉ’ ಇತ್ತು. ನನ್ನ ಗಂಡ ತಮ್ಮ ಪೆಟ್ಟಿಗೆಗಳಿಗೆಲ್ಲ ಹಾಕುತ್ತಿದ್ದ ಗುರುತು. ನಿಮ್ಮ ಸಮಿತಿಯಲ್ಲಿ ಕನ್ನಡ ಓದಬಲ್ಲವರು ನೀವೊಬ್ಬರೇ, ಕಾರ್ಯದರ್ಶಿಗಳೇ.

ಇನ್ನೊಬ್ಬರು ಮಾಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನೀವು ನಮ್ಮ ಮನೆಯಲ್ಲಿ ಕಡುಬು ಉಂಡವರು, ನಿಮ್ಮ ಮಗನಿಗೆ ಕೋವಿ ಹಿಡಿಯಲು ಕಲಿಸಿದವರು ಅವರು. ಆ ಪೆಟ್ಟಿಗೆಯಿಂದ ಒಂದು ತೋಟೆಯಾದರೂ ಯಾವ ಮಗುವಿನ ಅಭ್ಯಾಸಕ್ಕೆ ಹೋಯಿತು? ತೋಟೆಯಿಲ್ಲವೆಂದು ಮಕ್ಕಳ ತರಗತಿಯನ್ನೇ ಮುಚ್ಚಿದ್ದೀರಲ್ಲ? ನಿಮ್ಮ ಹುದ್ದೆಯ ಮುಂದಿರುವ ‘ಗೌರವ’ ಎಂಬ ಮಾತಿನ ದರವೂ ಆ ತಿಂಗಳು ಏರಿತ್ತೇ, ಅಥವಾ ಅದೊಂದೇ ಇಳಿದದ್ದೇ?

ದುಡ್ಡು ಬೇಡ. ಶೋಕಸಭೆ ಬೇಡ, ಗೋಡೆಯ ಮೇಲೆ ಅವರ ಫೋಟೋವೂ ಬೇಡ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅವರು ನಿಲ್ಲುತ್ತಿದ್ದ ಜಾಗದಲ್ಲಿ, ಪೂರ್ವಿಯ ಕೈಗೆ ಎರಡು ತೋಟೆ ಕೊಡಿ. ಎಲ್ಲಿಂದ ತರುತ್ತೀರೋ, ಯಾವ ಅಳಿಯನ ಪಾಲಿನಿಂದ ಕೇಳುತ್ತೀರೋ, ನಿಮಗೆ ಬಿಟ್ಟದ್ದು. ಅವಳ ಎರಡೂ ಕೈ ಕೋವಿಯ ಮೇಲಿರುತ್ತವೆ. ಹಾಗಾಗಿ ಫೋನನ್ನು ನೀವು ಹಿಡಿದುಕೊಳ್ಳಬೇಕು. ಈ ಸಲ ನಾನು ಮಾಡಿದಾಗ ಎತ್ತಿ.

ಇಂತಿ, ಸಾವಾಗಿ ಇಪ್ಪತ್ತಾರು ದಿನವಾದರೂ ಸುದ್ದಿ ಸಾರದೆ ಕುಳಿತಿರುವ ಮನೆಯಿಂದ,
ದೇಚಮ್ಮ ಉತ್ತಯ್ಯ
ಪುಚೊಂಗ್