ಮೂರು ಬೆಂಕಿಕಡ್ಡಿ

ಏಪ್ರಿಲ್ ೫, ಬೆಳಿಗ್ಗೆ

ಇವತ್ತೂ ಇಪ್ಪತ್ತು ಕಡ್ಡಿ ಗೀರಿದೆ. ಹೊತ್ತಿದ್ದು ನಾಲ್ಕು. ಲಕ್ವ ಹೊಡೆದ ಮೇಲೆ ಬಲಗೈ ಮಡಿಲಲ್ಲಿ ಮಲಗಿದ ನಾಯಿಮರಿ. ಬೆಂಕಿಪೊಟ್ಟಣ ಮೊಣಕಾಲುಗಳ ನಡುವೆ ಅದುಮಿಟ್ಟು ಎಡಗೈಯಲ್ಲಿ ಗೀರಬೇಕು. ಬರೆಯುವುದೂ ಎಡಗೈಯೇ — ಹಿಮದ ಮೇಲೆ ಹಕ್ಕಿ ಓಡಾಡಿದ ಹಾಗಿದೆ ಅಕ್ಷರ.

ರೇಡಿಯೋದಲ್ಲಿ ಹೇಳಿದರು. ವಸಂತದ ಆಟ ಶನಿವಾರ. ಚಹಾ ಕಾಯಿಸುವ ಸ್ಪರ್ಧೆಗೆ ಯಾರು ಬೇಕಾದರೂ ಬರಬಹುದು, ವಯಸ್ಸು ಕೇಳುವುದಿಲ್ಲ. ಹಿಮದಡಿಯ ಕುರುಚಲು ಕಿತ್ತು ತಂದು ಉರಿ ಮಾಡಿ, ಮಂಜುಗಡ್ಡೆ ಕರಗಿಸಿ, ಮೊದಲು ಕುದಿಸಿದವರು ಗೆದ್ದರು. ಒಬ್ಬರಿಗೆ ಮೂರೇ ಕಡ್ಡಿ.

ಮಧ್ಯಾಹ್ನ

ಹೆಸರು ಬರೆಸು ಎಂದೆ ಮಗಳು ಸಿಯಾಸಿಗೆ.

"ಅಮ್ಮಾ, ರುಚಿ ನೋಡೋ ಹಿರಿಯರ ಜೊತೆ ಕೂತ್ಕೋ. ಬಿಸಿಬಿಸಿ ಚಾ ಸಿಗುತ್ತೆ."

"ಬೇರೆಯವರ ಚಾ ಕುಡಿದೂ ಕುಡಿದೂ ನಾಲಿಗೆ ಕೆಟ್ಟಿದೆ."

ನಗಲಿಲ್ಲ. ಈ ಸಲ ಮೀನಿನ ಶಿಬಿರಕ್ಕೆ ನನ್ನನ್ನು ಬಿಟ್ಟು ಹೋಗುವ ಯೋಚನೆ ಅವಳದು. "ನಾನು ಮೀನು ಹಿಡಿಯಕ್ಕೆ ಹೋದಾಗ ಗುಡಾರದಲ್ಲಿ ನೀನೊಬ್ಳೇ ಇರ್ತೀಯ. ಬೆಂಕಿ ಹಚ್ಚಕ್ಕಾಗದೆ ಹೆಪ್ಪುಗಟ್ಟಿದ್ರೆ?"

"ಶನಿವಾರ ಹಚ್ಚಿ ತೋರಿಸ್ತೀನಿ."

"ತೋರ್ಸು. ಆಮೇಲೆ ಮಾತು."

ಎಪ್ಪತ್ತು ವಸಂತ ಅಲ್ಲೇ ಕಳೆದವಳು ನಾನು. ಮನೆಯಲ್ಲಿ ಕೂತು ಹೀಟರಿನ ಸದ್ದು ಕೇಳಲೇ?

ಏಪ್ರಿಲ್ ೮

ಇಪ್ಪತ್ತಕ್ಕೆ ಹನ್ನೊಂದು. ಪ್ಯಾಂಟು ಮೊಣಕಾಲ ಹತ್ತಿರ ಸುಟ್ಟಿದೆ. ತಂಗಿಗೆ ಹಾಕುವ ಕಾಗದದಲ್ಲಿ ಇದನ್ನು ಬರೆಯಬಾರದು, ವರ್ಷವಿಡೀ ನಗುತ್ತಾಳೆ.

ಏಪ್ರಿಲ್ ೧೦

ಹದಿನೇಳು...

ಅಂಗಡಿಗೆ ಹೋಗಿದ್ದೆ. ಗಲ್ಲಾದಲ್ಲಿ ಲೀಟಿಯಾ. ಮೂರು ವರ್ಷದಿಂದ ಗೆಲ್ಲುತ್ತಿರುವವಳು ಅವಳೇ.

"ಅಜ್ಜೀ, ನಿಮ್ಮ ಕೆಟಲ್ ಕುದಿಯೋ ಹೊತ್ತಿಗೆ ಬೇಸಿಗೆ ಬಂದಿರುತ್ತೆ."

"ಬರಲಿ. ಐಸ್ ಕರಗಿಸೋ ಕೆಲಸ ತಪ್ಪುತ್ತೆ."

ದೊಡ್ಡ ಬಂಡೆಯ ಬಿಸಿಲು ಬೀಳುವ ಮಗ್ಗುಲಲ್ಲಿ ಗರಿಗರಿ ಒಣಗಿದ ಕುರುಚಲಿದೆ. ಅವಳಿಗೆ ಗೊತ್ತಿಲ್ಲ.

ಏಪ್ರಿಲ್ ೧೧, ಸಂಜೆ

ಮರೆಯುವ ಮೊದಲೇ ಬರೆಯುತ್ತೇನೆ.

ಹನ್ನೊಂದು ಜನ. ಏಳು ವರ್ಷದವಳೂ ಇದ್ದಳು, ಎಪ್ಪತ್ತೆಂಟರ ನಾನೂ. ಜೋರು ಗಾಳಿ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿತು, ಗಾಳಿ ಉಫ್ ಅಂತು. ಮೂರನೆಯದು ಬೆರಳಿನಿಂದ ಜಾರಿ ಹಿಮಕ್ಕೆ.

ಸಿಯಾಸಿ ಬೇರೆ ಕಡೆ ನೋಡುತ್ತ ನಿಂತಿದ್ದಳು. ಅದನ್ನು ನನಗೆ ತಡೆಯಲಾಗಲಿಲ್ಲ. ಒಂದು ಹಿಡಿ ಕುರುಚಲು ತೆಗೆದುಕೊಂಡು ನೇರ ಲೀಟಿಯಾಳ ಒಲೆಗೆ ಹೋದೆ.

"ಬೆಂಕಿ ಕೊಡು."

"ಅಜ್ಜೀ, ಇದು ಸ್ಪರ್ಧೆ ಕಣ್ರೀ."

"ಕಡ್ಡಿ ಮೂರು ಅಂದ್ರು. ಬೆಂಕಿ ಕೇಳ್ಬಾರ್ದು ಅಂದ್ರಾ?"

ಸುತ್ತ ನಿಂತವರೆಲ್ಲ ಗೊಳ್ಳೆಂದರು. ಈ ಸೀಮೆಯಲ್ಲಿ ಬೆಂಕಿ ಕೇಳಿದವರಿಗೆ ಇಲ್ಲ ಅಂದವರಿಲ್ಲ. ಲೀಟಿಯಾ ಗೊಣಗುತ್ತಲೇ ಕೆಟಲ್ ಪಕ್ಕಕ್ಕೆ ಸರಿಸಿದಳು.

ಓಡಿದೆ. ಉರಿಯುವ ಹಿಡಿ ಎತ್ತಿಕೊಂಡು, ಈ ಮುದಿ ಕಾಲಲ್ಲಿ, ಓಡಿದೆ. ಬಂಡೆಯ ಕುರುಚಲು ಚಟಪಟ ಹೊತ್ತಿತು. ಕುದಿಸಿದ್ದು ಲೀಟಿಯಾ ಮೊದಲು. ನಾನು ಒಂದು ಉಸಿರು ಹಿಂದೆ — ಎರಡನೆಯವಳು.

"ಮುಂದಿನ ವರ್ಷ ನಿಮ್ಮಿಂದ ದೂರ ಕೂರ್ತೀನಿ," ಎಂದಳು. ನನ್ನ ಚಹಾ ಎರಡು ಲೋಟ ಕುಡಿದಳು.

ದಾರಿಯಲ್ಲಿ ಸಿಯಾಸಿ: "ಅಮ್ಮಾ, ಬೆಂಕಿ ನೀನು ಹಚ್ಚಲಿಲ್ಲ. ಕೇಳಿ ತಂದಿದ್ದು."

"ಶಿಬಿರದಲ್ಲಿ ಪಕ್ಕದ ಗುಡಾರ ಇರಲ್ವಾ? ಓಡಿದ್ದು ನೋಡಿದೆಯಲ್ಲ."

ನನ್ನ ಬಹುಮಾನ ಅವಳ ಕೈಯಲ್ಲೇ ಇತ್ತು — ಒಂದು ಕ್ಯಾನ್ ಪೆಟ್ರೋಲು.

"ಸ್ನೋಮೊಬೈಲಿಗೆ ನನ್ನ ಪೆಟ್ರೋಲ್ ಹಾಕ್ಕೊಂಡು ನನ್ನನ್ನೇ ಬಿಟ್ಟು ಹೋಗ್ತೀಯಾ?"

ನಕ್ಕಳು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ.

ಏಪ್ರಿಲ್ ೧೪, ಬೆಳಿಗ್ಗೆ

ಹೊರಗೆ ಸ್ನೋಮೊಬೈಲಿನ ಇಂಜಿನ್ ಸದ್ದು. ಅದರ ಹಿಂದೆ ಕಟ್ಟಿದ ಸ್ಲೆಡ್ ಮೇಲೆ ನನ್ನ ಜಾಗಕ್ಕೆ ತುಪ್ಪಳದ ಚರ್ಮ ಹಾಸಿದ್ದಾಳೆ. ಐದು ಪೊಟ್ಟಣ ಬೆಂಕಿಕಡ್ಡಿ ಇಟ್ಟುಕೊಂಡೆ. ಇವತ್ತು ಗೀರಿದ್ದು ಇಪ್ಪತ್ತು, ಹೊತ್ತಿದ್ದು... ಕೂಗುತ್ತಿದ್ದಾಳೆ. ಬಂದೆ ಬಂದೆ. ಕೆಟಲ್ ಎಲ್ಲಿ —