ಎಡಗಡೆಯದನ್ನೇ ಮೊದಲು ಹಚ್ಚು

ಕ್ಲೈಡ್,

ಸುಟ್ಟದ್ದುಣ್ಣೋ ಮಹರಾಯ! ತಮಾಷೆಯಲ್ಲ ಕಣೋ, ಈಗಷ್ಟೇ ನಿಜವಾಗಿ ನಡೆದದ್ದು.

ಹಿತ್ತಲಲ್ಲಿ ಮಾಂಸ ಸುಡುವ ಗ್ಯಾಸ್ ಗ್ರಿಲ್ಲಿನ ಮೂರು ಬರ್ನರುಗಳಲ್ಲಿ ಕಿಡಿ ಹಾರುವುದು ಎಡಗಡೆಯದಕ್ಕೆ ಮಾತ್ರ. ನಾನು ಮುಚ್ಚಳ ತೆರೆಯದೆ ಬಲಗಡೆಯದನ್ನು ಮೊದಲು ತಿರುಗಿಸಿದೆ. ಗ್ಯಾಸ್ ಒಳಗೇ ತುಂಬಿಕೊಂಡಿತ್ತು. ಕಿಡಿಯ ಗುಂಡಿ ಒತ್ತಿದೊಡನೆ ಢಮಾರ್! ಹುಬ್ಬೆರಡೂ ಹೋದವು. ಪಕ್ಕದ ಮನೆಯ ವಿಲ್ಮಾ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಳೆ.

ಸಂಜೆ ಅಪ್ಪನನ್ನು ಗ್ರಿಲ್ ಹತ್ತಿರ ಬಿಡಬೇಡ. ಮುಚ್ಚಳ ತೆರೆದು, ನೀನೇ ಎಡಗಡೆಯದನ್ನು ಮಾತ್ರ ಹಚ್ಚು. ಹಂದಿಯ ಪಕ್ಕೆಲುಬು ಉರಿಯಿಲ್ಲದ ಬಲಗಡೆ ನಿಧಾನವಾಗಿ ಬೇಯಲಿ.

ನಾನು ಹೇಳಿದರೆ ಅಪ್ಪ ನಂಬುತ್ತಿಲ್ಲ. ವಾರವಾರವೂ ಗ್ರಿಲ್ ಹಚ್ಚುವಾಗ ಬಾಯಲ್ಲೇ ಢಮಾರ್ ಎಂದು ಕೂಗಿ ಅವರನ್ನು ಬೆಚ್ಚಿಬೀಳಿಸುತ್ತಿದ್ದೆನಲ್ಲ? "ಈ ಸಲ ಭೇಷಾಗಿ ಮಾಡಿದೆ ಕಣೇ ಲೋರ್ನಾ!" ಅನ್ನುತ್ತಾ, ಟೀವಿಯಿಂದ ಕಣ್ಣೂ ತೆಗೆಯದೆ ಬಿದ್ದು ಬಿದ್ದು ನಗುತ್ತಿದ್ದಾರೆ.