ದೊಡ್ಡಮ್ಮ ನೋಡದ ತವರು ಪಂದ್ಯ

ಸಾಗರ ಕಪ್ ರಗ್ಬಿ ಪಂದ್ಯಾವಳಿಯ ಮಾದರಿ ಮತ್ತು ವೇಳಾಪಟ್ಟಿ ಸಮಿತಿಯ ಘನ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ಅಣ್ಣ ಸಲೇಸಿಯ ಕತ್ತು ಮುರಿದದ್ದು ನಿಮ್ಮ ಶನಿವಾರ, ನಮ್ಮ ಭಾನುವಾರ. ಆ ಪಂದ್ಯಕ್ಕೆ ನಿಮ್ಮ ದಾಖಲೆಯಲ್ಲಿ ‘ಟೋಂಗಾದ ತವರು ಪಂದ್ಯ’ ಎಂದು ಹೆಸರು. ಅದು ಟೋಂಗಾದ ನೆಲದ ಮೇಲೆ ನಡೆಯಲಿಲ್ಲ, ಟೋಂಗಾದ ಟಿವಿಯಲ್ಲಿ ಬರಲಿಲ್ಲ. ಈಗ ಅಣ್ಣನ ತಾಯಿ, ಅಂದರೆ ನನ್ನ ದೊಡ್ಡಮ್ಮ ಲೋಸೇಲಿ, ಅದರ ವಿಡಿಯೋವನ್ನು ಒಂದು ಸಲ ನೋಡಬೇಕು ಎಂದು ಕೇಳಿದರೆ ನಿಮ್ಮ ಕಚೇರಿ ಆಗುವುದಿಲ್ಲ ಎನ್ನುತ್ತಿದೆ. ನನ್ನ ದೂರು ಇಷ್ಟೇ. ನಿಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಿ ವಿಡಿಯೋ ಕಳಿಸಿಬಿಡಬಹುದು. ಕಳಿಸುವುದಿಲ್ಲ ಎಂದು ಗೊತ್ತಿರುವುದರಿಂದ ಮುಂದುವರಿಸುತ್ತೇನೆ.

ನಾನು ಆಕ್ಲೆಂಡಿನಲ್ಲಿ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಅಮ್ಮ ಟೋಂಗಾದವಳು, ಅಪ್ಪ ಇಂಗ್ಲೆಂಡಿನವನು. ಬೆಳೆದದ್ದು ಟೋಂಗಾದ ಒಂದು ಚರ್ಚ್ ಶಾಲೆಯ ಹಾಸ್ಟೆಲಿನಲ್ಲಿ. ಹಾಸ್ಟೆಲಿನಲ್ಲಿ ಬೆಳೆದವರು ದೊಡ್ಡವರಿಗೆ ಪತ್ರ ಬರೆಯುವಾಗ ಮೂರು ಸಲ ತಿದ್ದಿ ಬರೆಯುತ್ತಾರೆ. ವಾರ್ಡನ್ ಮೊದಲು ಓದಿ, ಕೆಂಪು ಗೆರೆ ಎಳೆದು, ಎಲ್ಲರೆದುರಿಗೆ ಹರಿದು ಹಾಕುತ್ತಾರೆ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಈ ಪತ್ರದ ಕೊನೆಗೆ ಹೆಸರು ಹಾಕಬೇಕೋ ಬೇಡವೋ ಎಂದು ನಾನು ಉಗುರು ಕಚ್ಚುತ್ತಿದ್ದಾಗ ನನ್ನ ರೂಮ್‌ಮೇಟ್, “ಹಾಕ್ಬೇಡ ಕಣೆ, ಮುಂದೆ ಎಲ್ಲೂ ಕೆಲ್ಸ ಸಿಗಲ್ಲ” ಎಂದಳು. ಹಾಕಿದ್ದೇನೆ. ಅಪ್ಪನಿಂದ ಬಂದ ನನ್ನ ಇಂಗ್ಲಿಷ್ ಅರ್ಧಕ್ಕೆ ಸಾಲಿನಲ್ಲಿ ನಿಂತು ಸರದಿ ಕಾಯುವುದು ಚೆನ್ನಾಗಿ ಬರುತ್ತದೆ. ಇನ್ನರ್ಧಕ್ಕೆ ಕಾದು ಕಾದು ಸಾಕಾಗಿದೆ.

ಮೊದಲು ನಿಮ್ಮ ಕಪ್ಪಿನ ಚರಿತ್ರೆ. ಅದು ಹುಟ್ಟಿದಾಗ ಅದರ ಮಾದರಿ ಹಾಸ್ಟೆಲಿನ ಸಣ್ಣ ಮಕ್ಕಳಿಗೂ ಅರ್ಥವಾಗುತ್ತಿತ್ತು. ಟೋಂಗಾ, ಸಮೋವಾ, ಫಿಜಿ: ಪ್ರತಿಯೊಬ್ಬರೂ ಉಳಿದಿಬ್ಬರನ್ನು ತಮ್ಮ ಊರಿಗೆ ಕರೆದು ಆಡುವುದು, ಅವರ ಊರಿಗೂ ಹೋಗಿ ಆಡುವುದು, ಹೆಚ್ಚು ಗೆದ್ದವರು ಕಪ್ ಎತ್ತುವುದು. ಇಷ್ಟು ಸರಳವಾದರೆ ಸಮಿತಿಗೆ ಏನು ಕೆಲಸ? ಆದ್ದರಿಂದ ‘ಆಟದ ಮಟ್ಟ ಏರಿಸಲು’ ದೊಡ್ಡ ನೆರೆದೇಶಗಳ ಎರಡನೇ ತಂಡಗಳನ್ನು ಕರೆಸಿದಿರಿ. ಅವರು ಮೊದಲ ತಂಡದಲ್ಲಿ ಜಾಗ ಸಿಗದ ಹುಡುಗರನ್ನು ಕಳಿಸಿದರು. ಅವರಲ್ಲೂ ಎಷ್ಟೋ ಜನ ನಮ್ಮ ಊರುಗಳಿಂದಲೇ ಎತ್ತಿಕೊಂಡು ಹೋದ ಹುಡುಗರು. ಅವರು ನಮ್ಮ ಕಪ್ ಗೆದ್ದರು, ಬೇಸರ ಬಂದಾಗ ಬರುವುದನ್ನು ಬಿಟ್ಟರು. ಮಟ್ಟ ಎಷ್ಟು ಏರಿತು ಎಂದು ಅಳೆಯಲು ಯಾರೂ ಉಳಿಯಲಿಲ್ಲ.

ಆಮೇಲೆ ‘ಖರ್ಚು ಉಳಿಸಲು’ ಎಲ್ಲ ಪಂದ್ಯಗಳನ್ನೂ ಯಾವುದೋ ಒಂದು ನಗರದಲ್ಲಿ ಕೂಡಿಹಾಕಿದಿರಿ. ಅಲ್ಲಿ ಬಾಡಿಗೆ ಮೈದಾನದ ಒಂದು ತುದಿಯಲ್ಲಿ ‘ತವರು ತಂಡ’ ಎಂಬ ಫಲಕ ನೇತುಹಾಕಿದಿರಿ. ತವರು ಎಂದರೆ ಏನೆಂದು ನಿಮ್ಮ ನಿಯಮಾವಳಿಯಲ್ಲಿ ಹುಡುಕಿದೆ: ಜೆರ್ಸಿಯ ಬಣ್ಣ ಆಯ್ಕೆ ಮಾಡುವ ಹಕ್ಕು ಮತ್ತು ಬಟ್ಟೆ ಬದಲಿಸುವ ಎರಡು ಕೋಣೆಗಳಲ್ಲಿ ದೊಡ್ಡದು. ಹುಟ್ಟಿದ ಊರಿಗೆ ಇದಕ್ಕಿಂತ ಅಗ್ಗದ ಅರ್ಥ ಕೊಟ್ಟವರನ್ನು ನಾನು ಕಂಡಿಲ್ಲ. ಈಗಿನ ಮಾದರಿಯಲ್ಲಿ ಎರಡು ಗುಂಪು. ಒಂದರಲ್ಲಿ ನಾವು ಮೂವರು ಬಡವರು, ಇನ್ನೊಂದರಲ್ಲಿ ಅಮೆರಿಕದಂಥ ಮೂವರು ಶ್ರೀಮಂತರು. ಬಡವರು ಮೊದಲು ತಮ್ಮತಮ್ಮಲ್ಲೇ ಮೈ ಜಜ್ಜಿಕೊಂಡು, ಉಳಿದವರು ಸೆಮಿಫೈನಲ್‌ಗೆ ಹೋಗಬೇಕು. ಶ್ರೀಮಂತರಿಗೆ ಪಂದ್ಯದಿಂದ ಪಂದ್ಯಕ್ಕೆ ಒಂದು ವಾರ ವಿಶ್ರಾಂತಿ, ನಮಗೆ ನಾಲ್ಕು ದಿನ. ಫೈನಲ್ ಎಂದಿಗೂ ಅಮೆರಿಕದ ದೊಡ್ಡ ನಗರದಲ್ಲೇ. ಇಷ್ಟರ ನಡುವೆ, ಪ್ರತಿ ದ್ವೀಪಕ್ಕೂ ನಾಲ್ಕು ವರ್ಷಕ್ಕೊಮ್ಮೆ ಒಂದು ನಿಜವಾದ ತವರು ಪಂದ್ಯ ಕೊಡುವುದಾಗಿ ಘೋಷಿಸಿದಿರಿ. ಈ ವರ್ಷ ಟೋಂಗಾದ ಸರದಿ.

ಅಣ್ಣ ಸಲೇಸಿ ಹದಿನೇಳಕ್ಕೆ ಫ್ರಾನ್ಸಿಗೆ ಹೋದವನು. ಸ್ಕ್ರಮ್ಮಿನಲ್ಲಿ ಎಂಟೆಂಟು ಜನ ತಲೆಗೆ ತಲೆ ಕೊಟ್ಟು ತಳ್ಳುತ್ತಾರಲ್ಲ, ಅದರ ಮುಂದಿನ ಸಾಲಿನಲ್ಲಿ ಹದಿನೇಳು ವರ್ಷದಿಂದ ತಲೆ ಕೊಡುತ್ತಿದ್ದ. ದೊಡ್ಡಮ್ಮ ಅವನ ಒಂದು ಪಂದ್ಯವನ್ನೂ ನೋಡಿಲ್ಲ. ಅಲ್ಲಿ ಶನಿವಾರ ಮಧ್ಯಾಹ್ನ ಆಟ ಶುರುವಾದರೆ ನಮ್ಮಲ್ಲಿ ಭಾನುವಾರ ಆಗಿರುತ್ತದೆ. ಟೋಂಗಾದಲ್ಲಿ ಭಾನುವಾರ ಆಟವಿಲ್ಲ, ವ್ಯಾಪಾರವಿಲ್ಲ, ವಿಮಾನವೂ ಏಳುವುದಿಲ್ಲ. ಆ ದಿನ ಪವಿತ್ರ ಎಂದು ಸಂವಿಧಾನದಲ್ಲೇ ಬರೆದಿದೆ. ಸೋಮವಾರ ನೋಡಬಹುದಿತ್ತಲ್ಲ ಎನ್ನುತ್ತೀರಿ. ನಾವೂ ಹೇಳಿ ನೋಡಿದ್ದೇವೆ. “ಭಾನುವಾರ ಆಡಿದ್ದನ್ನ ಸೋಮವಾರ ನೋಡಿದ್ರೆ ಕದ್ದ ಮಾಲನ್ನ ಮಾರನೇ ದಿನ ತಿಂದ ಹಾಗೆ” ಎನ್ನುತ್ತಿದ್ದಳು. ಸೋಮವಾರ ಬೆಳಿಗ್ಗೆ ನನ್ನನ್ನೋ ಪಕ್ಕದ ಮನೆಯವರನ್ನೋ ಹಿಡಿದು ಎರಡೇ ಪ್ರಶ್ನೆ ಕೇಳುತ್ತಿದ್ದಳು: “ಏಟು ಬಿತ್ತಾ? ಎದ್ನಾ?” ಗೆದ್ದರೋ ಸೋತರೋ ಎಂದು ಕೇಳಿದವಳಲ್ಲ. ಸಾಗರ ಕಪ್ ನಮ್ಮ ಹತ್ತಿರದಲ್ಲೇ, ನಮ್ಮ ಶನಿವಾರದಂದೇ ನಡೆದ ವರ್ಷಗಳಲ್ಲಿ ಅವನ ಕ್ಲಬ್ ಅವನನ್ನು ಬಿಡಲಿಲ್ಲ. ಈ ವರ್ಷ ಬಿಟ್ಟಿತು. ಸಲೇಸಿ ನಾಯಕ, ನಮ್ಮ ರಾಜಧಾನಿ ನುಕುಅಲೋಫಾದ ಮೈದಾನ, ಎದುರು ಸಮೋವಾ. ದೊಡ್ಡಮ್ಮ ಸೊಂಟಕ್ಕೆ ಸುತ್ತಿಕೊಳ್ಳುವ ಹಳೆಯ ಚಾಪೆಯನ್ನು, ಮದುವೆ ಮತ್ತು ಸಾವಿಗೆ ಮಾತ್ರ ತೆಗೆಯುವುದನ್ನು, ಬಿಸಿಲಿಗೆ ಹಾಕಿದಳು.

ಆಗ ನಿಮ್ಮ ವೇಳಾಪಟ್ಟಿ ಬಂತು. ‘ಶನಿವಾರ ಸಂಜೆ ಏಳು’. ಅಮೆರಿಕದ ಪಶ್ಚಿಮ ದಂಡೆಯ ಏಳು! ಟಿವಿ ಹಕ್ಕು ಕೊಂಡವರಿಗೆ ಊಟದ ಹೊತ್ತಿಗೆ ಆಟ ಬೇಕಿತ್ತು. ಆ ಗಳಿಗೆಯಲ್ಲಿ ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಮೂರು. ದಾಟಿದರೆ ದಿನವೇ ಬದಲಾಗುವ ದಿನರೇಖೆ ಎಂಬುದೊಂದು ಇದೆ, ಅದರ ಈಚೆಗೆ ಜನ ಬದುಕುತ್ತಾರೆ ಎಂದು ನಿಮ್ಮ ಸಮಿತಿಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲವೇ? ಅಥವಾ ನೆನಪಾಗಿ, ಪರವಾಗಿಲ್ಲ ಎನಿಸಿತೇ? ಎರಡರಲ್ಲಿ ಯಾವುದು ಹೆಚ್ಚು ಗೌರವದ್ದೋ ಅದನ್ನು ನೀವೇ ಆರಿಸಿಕೊಳ್ಳಿ.

ನಮ್ಮ ಒಪ್ಪಿಗೆ ಪಡೆಯಲು ನಿಮ್ಮ ಪ್ರತಿನಿಧಿ ಊರಿಗೆ ಬಂದರು. ರಜೆಗೆ ಬಂದಿದ್ದ ನಾನೂ ಸಭಾಮನೆಯ ಹಿಂದಿನ ಸಾಲಿನಲ್ಲಿದ್ದೆ. ಕಾಲು ಮಡಚಿ ಕೂರಲು ಬಾರದೆ ಒದ್ದಾಡುತ್ತ ಅವರು ಬಹಳ ಮೆತ್ತಗೆ ಹೇಳಿದರು: “ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಆಟ. ಒಂದೇ ಒಂದ್ಸಲ. ದೇವರು ಅರ್ಥ ಮಾಡ್ಕೋತಾನೆ.”

ಪಾದ್ರಿಗಳು ಕೇಳಿದರು, “ಟಿವಿಯವರು ಅರ್ಥ ಮಾಡ್ಕೊಳಲ್ವಾ?”

“ಅವರ ಜೊತೆ ಕರಾರಾಗಿದೆ ಫಾದರ್.”

“ನಮ್ದೂ ಕರಾರೇ. ಸ್ವಲ್ಪ ಹಳೇದು.”

ಇಡೀ ಮನೆ ನಕ್ಕಿತು. ಪ್ರತಿನಿಧಿಯೂ ನಕ್ಕರು, ಪಾಪ, ಜನ ನಗುತ್ತಿರುವುದು ತಮ್ಮನ್ನು ನೋಡಿಯೇ ಎಂದು ತಿಳಿಯದೆ. ದೊಡ್ಡಮ್ಮ ಮಾತ್ರ ನಗಲಿಲ್ಲ. “ಮಗಾ,” ಎಂದಳು ಅವರಿಗೆ, “ಒಂದು ದಿನ ಮುಂಚೆ ಆಡ್ಸಿ. ಶನಿವಾರ. ನಮ್ಮ ಶನಿವಾರ. ಹಂದಿ ಸುಡ್ತೀನಿ, ಕೆಸುವಿನೆಲೇಲಿ ತೆಂಗಿನಹಾಲು ಕಟ್ಟಿ ಬೇಯಿಸ್ತೀನಿ, ನೀನೂ ಉಂಡು ಹೋಗು.”

“ಅಲ್ಲಿ ಅದು ಶುಕ್ರವಾರ ಆಗುತ್ತಮ್ಮ. ಶುಕ್ರವಾರ ಯಾರೂ ನೋಡಲ್ಲ.”

“ನಾನು ನೋಡ್ತೀನಲ್ಲ.”

ನಿಮ್ಮ ಮಾದರಿಯಲ್ಲಿ ‘ನಾನು’ ಎಂಬ ಪ್ರೇಕ್ಷಕರಿಗೆ ಕಾಲಂ ಇಲ್ಲ. ನೆರೆಯ ಸಮೋವಾ ಒಮ್ಮೆ ಇಡೀ ಒಂದು ಶುಕ್ರವಾರವನ್ನೇ ನುಂಗಿ ದಿನರೇಖೆ ದಾಟಿ ಈಚೆಗೆ ಬಂತು. ಒಂದು ದೇಶಕ್ಕೆ ಸಾಧ್ಯವಾದದ್ದು ಒಂದು ಸಮಿತಿಗೆ ಸಾಧ್ಯವಾಗಲಿಲ್ಲ.

ನಿಮಗೆ ಸಾಧ್ಯವಾದದ್ದು ಬೇರೆ. ರೇಖೆಯ ಆಚೆಗಿರುವ ಒಂದು ಅಮೆರಿಕನ್ ದ್ವೀಪದಲ್ಲಿ ಬಾಡಿಗೆ ಮೈದಾನ ಹಿಡಿದಿರಿ. ಅಲ್ಲಿ ಗಡಿಯಾರ ನಮ್ಮದೇ, ಕ್ಯಾಲೆಂಡರ್ ಮಾತ್ರ ಒಂದು ದಿನ ಹಿಂದೆ. ಅದೇ ಮೂರು ಗಂಟೆ, ಅದೇ ಗಳಿಗೆ, ಆದರೆ ಶನಿವಾರ. ಪಾಪವೂ ತಪ್ಪಿತು, ಟಿವಿಯೂ ಉಳಿಯಿತು. ಈ ಜಾಣತನಕ್ಕೆ ನಿಮ್ಮಲ್ಲಿ ಯಾರಿಗಾದರೂ ಬಡ್ತಿ ಸಿಕ್ಕಿರಬೇಕು. ನಮ್ಮ ಹುಡುಗರ ನಾಲ್ಕು ದಿನದ ವಿಶ್ರಾಂತಿಯಲ್ಲಿ ಇನ್ನೂ ಒಂದು ದಿನ ಈ ಹೊಸ ಪ್ರಯಾಣಕ್ಕೆ ಹೋಯಿತು. ಮೈದಾನ ಮೆತ್ತಗಿದೆ, ಸ್ಕ್ರಮ್ಮಿಗೆ ಕಾಲು ಹಿಡಿಯುವುದಿಲ್ಲ ಎಂದು ತಂಡದವರು ಹೇಳಿದಾಗ, ‘ಎರಡೂ ತಂಡಗಳಿಗೆ ಸಮಾನ ಪರಿಸ್ಥಿತಿ’ ಎಂದು ನಿಮ್ಮ ಕಚೇರಿ ಉತ್ತರಿಸಿತು. ಸಮಾನತೆಯ ಮೇಲೆ ನಿಮಗಿರುವ ಪ್ರೀತಿ ನಮ್ಮ ಕಾಲ ಕೆಳಗಿನ ಮಣ್ಣಿನ ವಿಷಯದಲ್ಲಿ ಮಾತ್ರ ಎಚ್ಚರಗೊಳ್ಳುವುದು ವಿಚಿತ್ರ.

ಹಿಂದಿನ ದಿನ ಅಲ್ಲಿಂದ ಅಣ್ಣ ಫೋನ್ ಮಾಡಿದ. ಸ್ಪೀಕರ್ ಹಾಕಿ ಹಿಡಿದುಕೊಂಡವಳು ನಾನು.

“ಅಮ್ಮ, ನಾಳೆ ನಂಗೆ ಶನಿವಾರ.”

“ನಂಗೆ ಭಾನುವಾರ ಕಣೋ.”

“ಅಮೆರಿಕದಲ್ಲಿರೋ ಒಬ್ಬ ಫ್ರೆಂಡ್ ವಿಡಿಯೋ ಕಾಲಲ್ಲಿ ಟಿವಿ ತೋರಿಸ್ತೀನಿ ಅಂದಿದಾನೆ. ಒಂದೇ ಒಂದ್ಸಲ ನೋಡೇ.”

“ದೇವರ ಮನೇಲಿ ಎರಡು ಕ್ಯಾಲೆಂಡರ್ ನೇತಾಕಿಲ್ಲ ಮಗನೇ. ನೀನು ಆಡು, ನಿಂಗೆ ತಪ್ಪಿಲ್ಲ. ನಂಗೆ ಸೋಮವಾರ ಇದೆ.”

“ಗೊತ್ತು. ಏಟು ಬಿತ್ತಾ, ಎದ್ನಾ.”

“ಹ್ಞೂ. ಅಷ್ಟೇ ಸಾಕು ನಂಗೆ.”

ಭಾನುವಾರ ಸಂಜೆ ನಾಲ್ಕರ ಪ್ರಾರ್ಥನೆಯಲ್ಲಿ ನಾನು ದೊಡ್ಡಮ್ಮನ ಹಿಂದಿನ ಬೆಂಚಿನಲ್ಲಿದ್ದೆ. ಸಾಲಿನಲ್ಲಿ ನಿಂತ ಹಾಡುಗಾರರಲ್ಲಿ ಅವಳೂ ಒಬ್ಬಳು. ನನ್ನ ಸೊಂಟದ ಚಾಪೆಯ ಮಡಿಕೆಯಲ್ಲಿ ಫೋನ್ ನಡುಗಿತು. ತಂಡದ ಬದಲಿ ಆಟಗಾರ ಪೌಲಿಯಾಸಿ ಬರೆದಿದ್ದ: “ಸ್ಕ್ರಮ್ ಕುಸೀತು. ಸಲೇಸಿ ಎದ್ದಿಲ್ಲ. ಕಾಲು ಅಲುಗಾಡ್ತಿಲ್ಲ. ಮನೇಲಿ ಹೇಳು.” ನಾನು ಮುಂದೆ ಬಾಗಿ ದೊಡ್ಡಮ್ಮನ ಭುಜ ಮುಟ್ಟಿದೆ.

ಅವಳು ತಿರುಗದೆ ಪಿಸುಗುಟ್ಟಿದಳು, “ಸುಮ್ನಿರೇ. ಸ್ಕೋರ್ ಆದ್ರೆ ನಾಳೆ ಹೇಳು.”

“ಸ್ಕೋರ್ ಅಲ್ಲ ದೊಡ್ಡಮ್ಮ.”

ಅವಳ ಕೈಯ ಬೀಸಣಿಗೆ ನಿಂತಿತು. ಉಳಿದವರು ಹಾಡುತ್ತಲೇ ಇದ್ದರು. ಹಾಡಿಸುವವರು ದೊಡ್ಡಮ್ಮ ಸಾಲು ಮರೆತಳೆಂದುಕೊಂಡು, ದೂರದಿಂದ ತುಟಿ ಅಲ್ಲಾಡಿಸಿ ಸಾಲನ್ನು ತೋರಿಸಿಕೊಟ್ಟರು. ಅವಳು ಹಾಡಿನ ಕೊನೆಯವರೆಗೂ ನಿಂತೇ ಇದ್ದಳು. ಮಾರನೆಯ ಬೆಳಗಿನವರೆಗೆ ವಿಮಾನವಿರಲಿಲ್ಲ. ಅದು ನಮ್ಮ ನಿಯಮ. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನಿಮ್ಮ ತಲೆಗೆ ಕಟ್ಟುವುದು ಬೇಕಾದಷ್ಟಿದೆ.

ಅಣ್ಣ ಈಗ ಆಕ್ಲೆಂಡಿನ ಆಸ್ಪತ್ರೆಯಲ್ಲಿದ್ದಾನೆ. ಎಡಗೈಯ ಎರಡು ಬೆರಳು ಅಲುಗುತ್ತವೆ. ಅಣ್ಣತಂಗಿಯರು ಒಂದೇ ಕೋಣೆಯಲ್ಲಿ ಹತ್ತಿರ ಕೂರುವುದು ನಮ್ಮಲ್ಲಿ ಮರ್ಯಾದೆಯಲ್ಲ, ಹಾಗಾಗಿ ನಾನು ಬಾಗಿಲಲ್ಲೇ ನಿಲ್ಲುತ್ತೇನೆ. ಮೊದಲ ದಿನ ಅವನೇ ಹೇಳಿದ: “ಒಳಗ್ ಬಾರೇ, ಎದ್ದು ಓಡ್ಸಲ್ಲ ನಾನು.” ನಕ್ಕೆ. ನಗದಿದ್ದರೆ ಅವನಿಗೆ ನೋವಾಗುತ್ತಿತ್ತು. ಆ ವಾರವೇ ನಿಮ್ಮ ಕಚೇರಿಯಿಂದ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಬಂತು: ‘ತವರಿನ ಪ್ರೇಕ್ಷಕರೆದುರು ತಮ್ಮ ದೇಶವನ್ನು ಮುನ್ನಡೆಸಿದ್ದಕ್ಕೆ ಅಭಿನಂದನೆಗಳು’. ನರ್ಸ್ ಅದನ್ನು ಅವನ ಕಣ್ಣಿಗೆ ಬೀಳುವ ಗೋಡೆಗೆ ತೂಗುಹಾಕಿದಳು, ಒಳ್ಳೆಯ ಮನಸ್ಸಿನಿಂದಲೇ. ಮುಖ ಆಚೆ ತಿರುಗಿಸಲು ಅವನಿಗೆ ಆಗುವುದಿಲ್ಲ. ಅವನು ಓದಿ ಮುಗಿಸಿ ಕೇಳಿದ: “ಯಾವ ಪ್ರೇಕ್ಷಕರು? ಅಮ್ಮ ನೋಡಿದ್ಲಾ?”

ದೊಡ್ಡಮ್ಮ ಅಲ್ಲೇ ಇದ್ದಳು. ಹೊರಗೆ ಬಂದು ನನ್ನನ್ನು ಕರೆದಳು: “ಆ ಆಟ ತರ್ಸೇ. ನಾನು ನೋಡ್ಬೇಕು.”

ನನಗೆ ನಂಬಿಕೆಯಾಗಲಿಲ್ಲ. “ದೊಡ್ಡಮ್ಮ, ಅದು ಭಾನುವಾರದ್ದು.”

“ಅಲ್ವಂತಲ್ಲ. ಅಲ್ಲಿ ಶನಿವಾರವೇ ಇತ್ತು ಅಂತ ಸಮಿತಿಯವರೇ ಹೇಳಿದ್ರಲ್ಲ. ದೊಡ್ಡವ್ರು. ಸುಳ್ಳು ಹೇಳ್ತಾರಾ?”

ಮಾನ್ಯರೇ, ಜೀವಮಾನವಿಡೀ ಬಿಡದೆ ಹಿಡಿದಿದ್ದ ಒಂದೇ ಹಟವನ್ನು ಅವಳು ಆಸ್ಪತ್ರೆಯ ಓಣಿಯಲ್ಲಿ ನಿಮ್ಮ ಮಾತಿನ ಮೇಲೆ ಬಿಟ್ಟುಕೊಟ್ಟಳು. ವೀಸಾ ಮುಗಿದು ಅವಳು ಊರಿಗೆ ಮರಳಿದಳು; ಅಲ್ಲಿ ನೋಡಲು ವಿಡಿಯೋ ಬೇಕೆಂದು ನಾನು ನಿಮ್ಮ ಕಚೇರಿಗೆ ಬರೆದೆ. ಬಂದ ಉತ್ತರ: ‘ಪ್ರಸಾರದ ಹಕ್ಕುಗಳ ಕಾರಣ ಈ ಪಂದ್ಯವು ತಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.’ ಟೋಂಗಾದ ತವರು ಪಂದ್ಯ, ಟೋಂಗಾದಲ್ಲಿ ಲಭ್ಯವಿಲ್ಲ! ಲಭ್ಯವಿರುವುದು ಒಂದೇ: ಯಾರೋ ಟಿವಿಯಿಂದ ಫೋನಿಗೆ ಹಿಡಿದ ಆ ಕುಸಿತ. ಅದು ನಮ್ಮೂರಿನ ಪ್ರತಿಯೊಬ್ಬರ ಜೇಬಿನಲ್ಲಿದೆ. ಮಗ ಮುರಿದು ಬಿದ್ದದ್ದನ್ನು ದೊಡ್ಡಮ್ಮ ಬಸ್ಸಿನಲ್ಲಿ ಪಕ್ಕದ ಹುಡುಗನ ಕೈಯಲ್ಲಿ ನೋಡಿದ್ದಾಳೆ. ಮಗ ಓಡಿದ್ದನ್ನು ಮಾತ್ರ ಅವಳಿಗೆ ತೋರಿಸುವಂತಿಲ್ಲ.

ಆದ್ದರಿಂದ ನನ್ನ ಬೇಡಿಕೆ. ನಿಮ್ಮ ಸಂತಾಪ ಬೇಡ, ಚೌಕಟ್ಟೂ ಬೇಡ; ಅದನ್ನು ವಾಪಸು ಕಳಿಸುತ್ತಿದ್ದೇನೆ. ಆ ಪಂದ್ಯದ ವಿಡಿಯೋ ಕೊಡಿ. ಪೂರ್ತಿ ಬೇಕಾಗಿಲ್ಲ. ಅಣ್ಣ ತಂಡದ ಮುಂದೆ ನಿಂತು ಪಂದ್ಯಕ್ಕೆ ಮುಂಚಿನ ಯುದ್ಧಕುಣಿತ ಕುಣಿಸುವಲ್ಲಿಂದ ಹಿಡಿದು ಆ ಸ್ಕ್ರಮ್ಮಿಗೆ ತಲೆ ಬಗ್ಗಿಸುವವರೆಗೆ ಸಾಕು. ಉಳಿದದ್ದು ನಿಮ್ಮ ಹಕ್ಕಿನ ಮಾಲು, ಇಟ್ಟುಕೊಳ್ಳಿ. ಅದು ಶನಿವಾರ ಎಂದಿರಿ, ಅವಳು ನಂಬಿದ್ದಾಳೆ. ಇಲ್ಲ, ಅದು ಕೊಡಲು ಬರುವ ಶನಿವಾರವಲ್ಲ ಎನ್ನುವುದಾದರೆ ನೀವೇ ನಮ್ಮೂರಿಗೆ ಬಂದು, ಕಾಲು ಮಡಚಿ ಕೂತು, ಅವಳ ಮುಖ ನೋಡಿ ಹೇಳಿ. ಯಾವ ವಾರವಾದರೂ ಬನ್ನಿ. ಹಂದಿ ಸುಡುವುದಿಲ್ಲ.

ಇಂತಿ, ನಿಮ್ಮ ದಾಖಲೆಯ ತವರಿನಲ್ಲಿ ಹುಟ್ಟಿದ, ಸೋಮವಾರ ಬೆಳಿಗ್ಗೆ ‘ಎದ್ನಾ?’ ಎಂಬ ಪ್ರಶ್ನೆಗೆ ಇನ್ನು ಉತ್ತರ ಹೇಳಲಾಗದ,

ಹಿಂಗಾನೋ